ಕೆಂಪು ದಾರದ ಸೌಟು

ಕಳೆದ ತಿಂಗಳು ಕೊಲ್ಹಾಪುರದ ಒಂದು ಮಿಸಳ ಹೋಟೆಲಿನಲ್ಲಿ ತಿನ್ನುತ್ತ ಕೂತವಳು ನಡುವೆಯೇ ನಿಲ್ಲಿಸಿಬಿಟ್ಟೆ. ಕಾರಣ ಒಂದು ಸೌಟು.

ಮಗಳು ಆ ಊರಿನ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ನಾನು ಇಚಲಕರಂಜಿಯಿಂದ ನೋಡಲು ಹೋದಾಗಲೆಲ್ಲ ಹೊಸದೊಂದು ಹೋಟೆಲು ಹುಡುಕಿ ಇಟ್ಟಿರುತ್ತಾಳೆ. ಇದರ ಬಾಗಿಲಲ್ಲೇ ಒಲೆ, ಒಲೆಯ ಮೇಲೆ ಎರಡು ಪಾತೇಲಿ, ಎರಡರಲ್ಲೂ ಕೆಂಪಗೆ ಕಟ್ ಕುದಿಯುತ್ತಿತ್ತು. ಮಿಸಳ ತಿಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ: ಬಟ್ಟಲಿನ ತಳದಲ್ಲಿ ಮೊಳಕೆ ಬಂದ ಮಡಿಕೆ ಕಾಳಿನ ಪಲ್ಯ, ಅದರ ಮೇಲೆ ಶೇವು-ಚೂಡಾ, ಅದೆಲ್ಲ ಮುಳುಗುವಂತೆ ಖಾರದ ಸಾರು. ಆ ಸಾರೇ ಕಟ್. ಮೇಲೆ ಹಸಿ ಉಳ್ಳಾಗಡ್ಡಿ, ಒಂದು ಹೋಳು ಲಿಂಬೆ, ಪಕ್ಕಕ್ಕೆ ಬ್ರೆಡ್ಡು. ಬಟ್ಟಲಲ್ಲಿ ಕಟ್ ಮುಗಿದರೆ ಇನ್ನೊಂದು ಸೌಟು ತಂದು ಸುರಿಯುತ್ತಾರೆ, ಬೇಡ ಎನ್ನುವವರೆಗೂ ಸುರಿಯುತ್ತಾರೆ.

ದೊಡ್ಡ ಪಾತೇಲಿಯಲ್ಲಿ ಉಳಿದೆಲ್ಲ ಹೋಟೆಲುಗಳಲ್ಲಿ ಇರುವಂಥ ಸ್ಟೀಲಿನ ಸೌಟು ಇತ್ತು. ಸಣ್ಣದರ ಮೇಲೆ ‘ಜೈನ’ ಎಂದು ಬರೆದಿತ್ತು. ಅದರೊಳಗೆ ಇದ್ದದ್ದು ತೆಂಗಿನ ಕರಟಕ್ಕೆ ಬಿದಿರಿನ ಹಿಡಿಕೆ ಹಾಕಿದ ಸೌಟು. ಹಿಡಿಕೆಯ ತುದಿಗೆ ಕೆಂಪು ದಾರ ಸುತ್ತಿತ್ತು, ಒತ್ತೊತ್ತಾಗಿ ಏಳೆಂಟು ಸುತ್ತು. ಆ ಸುತ್ತುವ ರೀತಿ ನನಗೆ ಗೊತ್ತಿತ್ತು...

ಮೂವತ್ತು ವರ್ಷದ ಮೇಲಾಯಿತು. ಆಗ ನಾನು ಇಚಲಕರಂಜಿಗೆ ಹೊಸದಾಗಿ ಬಂದ ಸೊಸೆ. ತವರು ಕರ್ನಾಟಕದ ಕಡೆ, ಹೊಲಮನೆಯವರು. ಗಂಡನ ಮನೆಯವರಿಗೆ ನೂಲಿನ ವ್ಯಾಪಾರ. ಎರಡೂ ಕಡೆ ಜೈನರೇ, ಎರಡೂ ಕಡೆ ಕನ್ನಡವೇ. ಆದರೆ ನನ್ನ ತವರಿನಲ್ಲಿ ಚಾತುರ್ಮಾಸ ಬಿಟ್ಟರೆ ಉಳ್ಳಾಗಡ್ಡಿ ನಡೆಯುತ್ತಿತ್ತು. ಅತ್ತೆಯ ಮನೆಯಲ್ಲಿ ಅದರ ಹೆಸರೂ ಇಲ್ಲ. ಅತ್ತೆ ಮುನಿಗಳ ಮುಂದೆ ಕೂತು, ಜೀವ ಇರುವ ತನಕ ಗಡ್ಡೆ-ಗೆಣಸು, ಉಳ್ಳಾಗಡ್ಡಿ, ಬಳ್ಳೊಳ್ಳಿ ಮುಟ್ಟುವುದಿಲ್ಲವೆಂದು ವ್ರತ ಹಿಡಿದವರು. ಹೊತ್ತು ಮುಳುಗಿದ ಮೇಲೆ ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ಕೆಟ್ಟವರಲ್ಲ, ಬಿಗಿಯಾದವರು. ಇನ್ನೊಬ್ಬರಿಗಿಂತ ತಮ್ಮ ಮೇಲೆಯೇ ಹೆಚ್ಚು ಬಿಗಿ.

ನಮ್ಮ ಗೋಡೆಗೆ ಗೋಡೆ ಹಚ್ಚಿ ಮೌಶಿಯ ಮನೆ. ಓಣಿಗೆಲ್ಲ ಆಕೆ ಮೌಶಿ, ಅಂದರೆ ಚಿಕ್ಕವ್ವ, ನನಗೂ ಮೌಶಿ. ಗಡಹಿಂಗ್ಲಜದ ಹೆಣ್ಣುಮಗಳು, ಗಂಡ ಮಗ್ಗದ ಕೆಲಸಕ್ಕೆಂದು ಊರು ಬಿಟ್ಟು ಇಲ್ಲಿಗೆ ಬಂದಿದ್ದ. ರಾತ್ರಿ ಪಾಳಿ ಮುಗಿಸಿ ಬರುವ ಮಗ್ಗದ ಮಂದಿಗೆ ಬೆಳಿಗ್ಗೆ ಮಿಸಳ ಮಾಡಿ ಹಾಕುತ್ತಿದ್ದಳು. ಮುಂದಿನ ಖೋಲಿಯೇ ಹೋಟೆಲು, ಕೂರಲು ಎರಡು ಬಾಕು, ಕುಡಿಯಲು ಒಂದು ನೀರಿನ ಪಿಂಪು. ಹೊರಗೆ ಬೋರ್ಡು ಇರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಒಗ್ಗರಣೆ ಬಿದ್ದ ಕೂಡಲೇ ಓಣಿಯ ತುದಿಯವರೆಗೂ ಸುದ್ದಿ ಮುಟ್ಟುತ್ತಿತ್ತು.

ಹೀಗಿರುವಾಗ ನಾನು ಬಸುರಿಯಾದೆ. ಬಸುರಿಯರಿಗೆ ಹುಣಸೆಕಾಯಿ ಬೇಕೆನಿಸುತ್ತದೆ, ಮಣ್ಣು ಬೇಕೆನಿಸುತ್ತದೆ. ನನಗೆ ಬೇಕೆನಿಸಿದ್ದು ಗೋಡೆಯಾಚೆಯ ಕಟ್. ಬೆಳಿಗ್ಗೆ ಆರಕ್ಕೆ ಆ ವಾಸನೆ ಬಂದರೆ ಬಾಯಲ್ಲಿ ನೀರು, ಕಣ್ಣಲ್ಲೂ ನೀರು. ಅತ್ತೆಗೆ ಹೇಳುವುದು ಹೇಗೆ? ಗಂಡನಿಗೆ ಹೇಳಿದರೆ ಆತ ಅವ್ವನಿಗೆ ಹೇಳಿಯಾನು. ಕೊನೆಗೆ ಒಂದು ದಿನ ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ಮೌಶಿಯ ಎದುರು ಅತ್ತುಬಿಟ್ಟೆ. ಅಳುವಷ್ಟು ದೊಡ್ಡ ವಿಷಯವೇ ಎಂದು ಈಗ ನಗು ಬರುತ್ತದೆ. ಆಗ ದೊಡ್ಡದೇ ಆಗಿತ್ತು.

ಮೌಶಿ ಸೆರಗಿಗೆ ಕೈ ಒರೆಸಿಕೊಂಡು ನೆಟ್ಟಗೆ ಅತ್ತೆಯ ಹತ್ತಿರ ಹೋದಳು. ಹೊಸ್ತಿಲ ಹೊರಗೇ ನಿಂತು ಹೇಳಿದಳು:

“ಬಸುರಿ ಹೆಣ್ಮಗಳ ಬಾಯಿ ಕಟ್ಟಬಾರದ್ರಿ ಅಕ್ಕಾರ. ಉಳ್ಳಾಗಡ್ಡಿ ಬ್ಯಾಡ, ಬಳ್ಳೊಳ್ಳಿ ಬ್ಯಾಡ. ನಿಮ್ಮ ವ್ರತಕ್ಕ ಕೂದಲೆಳಿಯಷ್ಟೂ ಧಕ್ಕಿ ಬರದಂಗ ಮಾಡಿ ಕೊಡ್ತೇನಿ. ನೀವಽ ನಿಂತು ನೋಡ್ರಿ.”

ಅತ್ತೆ, “ನಿಂತು ನೋಡ್ತೇನಿ ಮತ್ತ,” ಎಂದರು. ಹೇಳಿದಂತೆ ನಿಂತರು ಕೂಡ.

ಹೇಳಿದಷ್ಟು ಸುಲಭವಿರಲಿಲ್ಲ. ಉಳ್ಳಾಗಡ್ಡಿ ತೆಗೆದರೆ ಕಟ್‌ಗೆ ಮೈಯೇ ಇರುವುದಿಲ್ಲ, ಬರೀ ಖಾರದ ನೀರು. ಮೊದಲ ಸಲ ಮೌಶಿ ಒಣಕೊಬ್ಬರಿ ಹೆಚ್ಚು ಹಾಕಿದಳು, ಸಿಹಿಯಾಯಿತು. ಎರಡನೆಯ ಸಲ ಕಡಲೆಹಿಟ್ಟು ಕಲಸಿ ಬಿಟ್ಟಳು. ಅದು ಝುಣಕ ಆಗಿ ಕೂತಿತು. ನಾನು ಅದನ್ನೂ ತಿಂದೆ, ಹಸಿದವಳಿಗೆ ರುಚಿಯ ಹಂಗೇನು. ಮೌಶಿಗೆ ಮಾತ್ರ ಸಮಾಧಾನವಿಲ್ಲ. ಮೂರನೆಯದೋ ನಾಲ್ಕನೆಯದೋ ಸಲ ಸೋರೆಕಾಯಿ ತುರಿದು, ನೀರು ಹಿಂಡಿ, ಎಣ್ಣೆಯಲ್ಲಿ ಕರಿಬೆಲ್ಲದ ಬಣ್ಣ ಬರುವ ತನಕ ಹುರಿದಳು. ಹುರಿದ ಎಳ್ಳು, ಕೊಬ್ಬರಿಯ ಜೊತೆ ಅರೆದಳು. ಹಸಿ ಶುಂಠಿ ನಡೆಯುವುದಿಲ್ಲ, ಅದೂ ಗಡ್ಡೆಯೇ. ಒಣ ಶುಂಠಿ ನಡೆಯುತ್ತದೆ. ಬಳ್ಳೊಳ್ಳಿಯ ಜಾಗಕ್ಕೆ ಇಂಗು. ಮಡಿಕೆ ಕಾಳನ್ನು ಮೊಳಕೆ ಬರುವ ಮೊದಲೇ ಬೇಯಿಸಿಬಿಡುವುದು, ಮೊಳಕೆಯಲ್ಲಿ ಜೀವ ಇರುತ್ತದೆ ಎಂದು ಅತ್ತೆಯ ತಕರಾರು. ಅವತ್ತು ಎಣ್ಣೆ ಮೇಲೆ ತೇಲಿ ಬಂದಾಗ ಮೌಶಿಯ ಅಡಿಗೆಮನೆಯಲ್ಲಿ ಮೂವರೂ ಪಾತೇಲಿಯ ಮೇಲೆ ಬಾಗಿದೆವು. ನಾನು ಮೂರು ಬಟ್ಟಲು ತಿಂದೆ.

ಮೆಣಸಿನಕಾಯಿ ಮಾತ್ರ ಎರಡೂ ಪಾತೇಲಿಗೆ ಒಂದೇ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಮೌಶಿ ತವರಿಗೆ ಹೋಗಿ, ಗಡಹಿಂಗ್ಲಜದ ಪೇಟೆಯಿಂದ ಚೀಲ ತುಂಬ ಸಂಕೇಶ್ವರಿ ಮೆಣಸಿನಕಾಯಿ ಬಸ್ಸಿನ ಟಪ್ಪಿನ ಮೇಲೆ ಹಾಕಿಸಿಕೊಂಡು ಬರುತ್ತಿದ್ದಳು. ಖಾರ ಕುಟ್ಟುವ ಗಿರಣಿಯಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮೊದಲ ಪಾಳಿ ಹಿಡಿದು, ಒರಳು ತೊಳೆಸಿ, ನಮ್ಮದನ್ನು ಮೊದಲು ಕುಟ್ಟಿಸುವುದು. ಬಳ್ಳೊಳ್ಳಿ ಹಾಕಿದ್ದು ಆಮೇಲೆ. ನಮ್ಮ ಕಟ್‌ಗೆ ಬೇರೆ ಪಾತೇಲಿ, ಬೇರೆ ಕಲ್ಲು. ನಳಕ್ಕೆ ಬಿಳಿ ಬಟ್ಟೆ ಕಟ್ಟಿ ಸೋಸಿದ ನೀರು. ಸೌಟೂ ಬೇರೆ. ಸೌಟುಗಳೆರಡೂ ಒಂದೇ ಅಂಗಡಿಯವು, ಒಂದೇ ಅಳತೆಯವು. ಗುರುತಿಗೆಂದು ನಮ್ಮ ಸೌಟಿನ ಹಿಡಿಕೆಗೆ ಮೌಶಿ ಕೆಂಪು ದಾರ ಸುತ್ತಿದ್ದಳು.

ಮಗಳು ಹುಟ್ಟಿದಳು. ಬಾಣಂತನ ಮುಗಿಯಿತು, ಬಯಕೆಯೂ ಮುಗಿಯಬೇಕಿತ್ತು. ಆದರೆ ಅಷ್ಟರಲ್ಲಿ ಅತ್ತೆಗೇ ರುಚಿ ಹತ್ತಿತ್ತು! ಮೊದಲು ‘ಬಣ್ಣ ಛಲೋ ಬಂದೈತಿ’ ಎಂದರು. ಆಮೇಲೆ ಬೆರಳ ತುದಿಯಲ್ಲಿ ನೆಕ್ಕಿ ನೋಡಿದರು. ಆಮೇಲೆ ರವಿವಾರ ಬಸದಿಯಿಂದ ಬರುವಾಗ ಇಬ್ಬರು ಗೆಳತಿಯರನ್ನು ಕರೆದುಕೊಂಡೇ ಬಂದರು. ಪರಜಾತಿಯವರ ಮನೆಯಲ್ಲಿ ನೀರೂ ಮುಟ್ಟದವರು ಮೌಶಿಯ ಹಿತ್ತಲಲ್ಲಿ ಚಾಪೆ ಹಾಸಿಕೊಂಡು ಕಟ್ ಸುರಿಸಿಕೊಳ್ಳತೊಡಗಿದರು. ಮುಂದೆ ಮಗ್ಗದ ಮಂದಿ, ಹಿಂದೆ ಬಸದಿಯ ಮಂದಿ, ನಡುವೆ ಮೌಶಿಯ ಎರಡು ಪಾತೇಲಿ. ನಾನು ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಕೈಜೋಡಿಸಲು ಹೋಗುತ್ತಿದ್ದೆ. ನನ್ನ ಜೀವನದಲ್ಲಿ ಅಷ್ಟು ಸುಖದ ಬೆಳಗುಗಳು ಮತ್ತೆ ಬಂದಿಲ್ಲ.

ಯಾವ ತಿನಿಸು ಎಲ್ಲಿ ಹುಟ್ಟಿತು ಎಂದು ಜಗಳಾಡುವವರನ್ನು ಕಂಡರೆ ನನಗೆ ನಗು. ಕೊಲ್ಹಾಪುರದಲ್ಲಿ ಯಾವ ಹೋಟೆಲಿಗೆ ಹೋದರೂ ಮಿಸಳ ಮೊದಲು ಮಾಡಿದ್ದು ನಮ್ಮ ಅಜ್ಜ ಎನ್ನುತ್ತಾರೆ. ಇದ್ದಾನು ಅಜ್ಜ, ಬೇಡ ಎಂದವರು ಯಾರು. ಉಳ್ಳಾಗಡ್ಡಿ ಇಲ್ಲದ ಮಿಸಳವನ್ನು ಮೌಶಿಯೇ ಮೊದಲು ಮಾಡಿದಳು ಎಂದು ನಾನೂ ಹೇಳುವುದಿಲ್ಲ. ಬೇರೆ ಹತ್ತು ಓಣಿಗಳಲ್ಲಿ ಬೇರೆ ಹತ್ತು ಮೌಶಿಯರು ಬೇರೆ ಹತ್ತು ಬಸುರಿಯರಿಗಾಗಿ ಮಾಡಿರಬಹುದು. ಆದರೆ ಅದು ಹರಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅತ್ತೆಯ ಗೆಳತಿ ಡಬ್ಬಿ ತುಂಬಿ ಮಗಳ ಮನೆಗೆ ಕಳಿಸಿದಳು. ಆ ಮಗಳ ನಾದಿನಿ ಕುರುಂದವಾಡಕ್ಕೆ ಒಯ್ದಳು. ಅಲ್ಲಿಂದ ಒಂದು ದಿನ ದೊಡ್ಡ ಮನೆತನದವರು ಮೌಶಿಯನ್ನು ಹುಡುಕಿಕೊಂಡು ಬಂದರು: ಮಗನ ಮದುವೆ, ಹಿಂದಿನ ದಿನದ ಬೆಳಗಿನ ಫರಾಳಕ್ಕೆ ಮಿಸಳ ಆಗಬೇಕು, ನೀವೇ ಬಂದು ಮಾಡಬೇಕು.

ಮೌಶಿಗೆ ನಂಬಿಕೆಯೇ ಬರಲಿಲ್ಲ. ಜೈನರ ಮದುವೆಯ ಒಲೆಗೆ ತನ್ನನ್ನು ಕರೆಯುವುದೆಂದರೆ! ಹೊಸ ಇಳಕಲ್ ಸೀರೆ ತೆಗೆದುಕೊಂಡಳು. ದಿನಕ್ಕೆ ಎರಡು ಸಲ ನನ್ನ ಹತ್ತಿರ ಬಂದು, “ನಾನೂರು ಮಂದಿಗೆ ಎಷ್ಟು ದುಧಿ ಬೇಕಾದೀತ ಬಾಳಾ?” ಎಂದು ಕೇಳುತ್ತಿದ್ದಳು. ಸೋರೆಕಾಯಿಗೆ ಆಕೆ ಮರಾಠಿಯಲ್ಲಿ ದುಧಿ ಎನ್ನುತ್ತಿದ್ದಳು, ನನಗೆ ಬಾಳಾ, ಅಂದರೆ ಮಗು.

ಮದುವೆಗೆ ಹದಿನೈದು ದಿನ ಇತ್ತು. ಅವತ್ತು ರವಿವಾರ. ಬಸದಿಯಲ್ಲಿ ಏನೋ ವಿಶೇಷ ಪೂಜೆ ಮುಗಿದು ಹಿತ್ತಲಲ್ಲಿ ಏಳೆಂಟು ಹೆಣ್ಣುಮಕ್ಕಳು ಕೂತಿದ್ದರು. ಮುಂದಿನ ಖೋಲಿಯಲ್ಲಿ ಕಾಲಿಡಲು ಜಾಗವಿಲ್ಲ. ನಳದಲ್ಲಿ ನೀರು ಬಂತೆಂದು ಮೌಶಿ ಕೊಡ ಹಿಡಿದು ಹೊರಗೆ ಓಡಿದಳು. ಒಲೆಯ ಮುಂದೆ ನಾನೊಬ್ಬಳೇ. ಮುಂದಿನಿಂದ ಒಬ್ಬ ‘ಕಟ್ ರೀ’ ಎಂದ, ಅವನಿಗೆ ಹಾಕಿದೆ. ಅಷ್ಟರಲ್ಲಿ ಹಿತ್ತಲಿನಿಂದ ಅತ್ತೆಯ ದನಿ, ಇತ್ತ ಚಾಪೆಯ ಮೇಲಿನ ಕೂಸಿನ ಅಳು. ಕೈಯಲ್ಲಿದ್ದ ಸೌಟನ್ನೇ ಸಣ್ಣ ಪಾತೇಲಿಗೆ ಅದ್ದಿ, ಬೋಗುಣಿ ತುಂಬಿ, ಹೊಸ್ತಿಲ ಮೇಲೆ ಇಟ್ಟೆ. ನೀರು ತಂದ ಮೌಶಿ ಕೊಡ ಇಳಿಸಿ, ಬೋಗುಣಿ ಎತ್ತಿಕೊಂಡು ಹಿತ್ತಲಿಗೆ ಹೋಗಿ ಬಡಿಸಿದಳು.

ಆಮೇಲೆ ನನ್ನ ಕೈ ನೋಡಿಕೊಂಡೆ. ಹಿಡಿಕೆಗೆ ದಾರ ಇರಲಿಲ್ಲ.

ಬಾಯಿ ತೆರೆಯುವಷ್ಟರಲ್ಲಿ ಹಿತ್ತಲಲ್ಲಿ ಅತ್ತೆ ಬಟ್ಟಲು ಕೆಳಗಿಟ್ಟರು. ಅತ್ತೆಯ ನಾಲಿಗೆ ಇಪ್ಪತ್ತು ವರ್ಷ ಬಳ್ಳೊಳ್ಳಿ ಕಂಡಿರಲಿಲ್ಲ. ಅಂಥ ನಾಲಿಗೆಗೆ ಒಂದು ಹನಿ ಸಾಕು. ಎದ್ದು ಮೋರಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದರು. ಕೂಗಾಡಲಿಲ್ಲ. “ಇದನ್ನ ತುಂಬಿದವ್ರು ಯಾರು?” ಎಂದು ಮಾತ್ರ ಕೇಳಿದರು.

ಮೌಶಿ ತಿರುಗಿ ಅಡಿಗೆಮನೆಯ ಕಡೆ ನೋಡಿದಳು. ಸಣ್ಣ ಪಾತೇಲಿಯಲ್ಲಿ ದಾರವಿಲ್ಲದ ಸೌಟು, ಅದರ ಮೇಲೆ ಇನ್ನೂ ನನ್ನ ಕೈ. ದಾರದ ಸೌಟು ಗೋಡೆಯ ಮೊಳೆಯಲ್ಲೇ ತೂಗುತ್ತಿತ್ತು. ಒಂದು ಕ್ಷಣ ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

“ನಾನಽ ರೀ ಅಕ್ಕಾರ. ನನ್ನ ಕೈ ತಪ್ಪೇತಿ,” ಎಂದಳು ಮೌಶಿ.

ನಾನು ಏನೂ ಹೇಳಲಿಲ್ಲ. ಆಗ ಹೇಳಲಿಲ್ಲ, ಸಂಜೆಗೂ ಹೇಳಲಿಲ್ಲ. ಅತ್ತೆ ಪ್ರಾಯಶ್ಚಿತ್ತಕ್ಕೆಂದು ಮೂರು ದಿನ ಬರೀ ನೀರಿನ ಮೇಲೆ ಇದ್ದರು; ಅವರಿಗೆ ನೀರು ಸೋಸಿ ಕೊಡುವಾಗಲೂ ಹೇಳಲಿಲ್ಲ. ಹೊಸ ಸೊಸೆ, ಕೈಯಲ್ಲಿ ಕೂಸು, ಅತ್ತೆಯ ಭಯ... ಕಾರಣಗಳಿಗೇನು, ಬೇಕಾದಷ್ಟು ಸಿಗುತ್ತವೆ. ನಾನು ಹೇಡಿ, ಅಷ್ಟೇ.

ಓಣಿಯಲ್ಲಿ ಮಾತು ಹಬ್ಬಲು ಹೊತ್ತು ಬೇಕೇ? ಮಿಸಳ ಹೋದ ದಾರಿಯಲ್ಲೇ ಈ ಸುದ್ದಿಯೂ ಹೋಯಿತು, ಅದಕ್ಕಿಂತ ಬೇಗ ಹೋಯಿತು. ಕುರುಂದವಾಡದವರು ತಾವು ಬರಲಿಲ್ಲ, ‘ಬೇರೆ ವ್ಯವಸ್ಥೆ ಆಗೇದ’ ಎಂದು ಒಬ್ಬರ ಕೈಯಲ್ಲಿ ಹೇಳಿ ಕಳಿಸಿದರು. ಮೌಶಿ ನಳದ ಬಿಳಿ ಬಟ್ಟೆ ಬಿಚ್ಚಿದಳು. ಸಣ್ಣ ಪಾತೇಲಿ ಅಟ್ಟಕ್ಕೆ ಹೋಯಿತು. ಇಳಕಲ್ ಸೀರೆ ಉಟ್ಟದ್ದನ್ನು ನಾನು ನೋಡಲೇ ಇಲ್ಲ.

ನಮ್ಮಲ್ಲಿ ಭಾದ್ರಪದದಲ್ಲಿ ಹತ್ತು ದಿನದ ಪರ್ವ ಮುಗಿದ ಮೇಲೆ ಕ್ಷಮಾವಳಿ ಬರುತ್ತದೆ. ಅವತ್ತು ಹಿರಿಯರು ಕಿರಿಯರೆನ್ನದೆ ಎಲ್ಲರೂ ಎಲ್ಲರ ಮುಂದೆ ಕೈಮುಗಿದು, ತಿಳಿದೋ ತಿಳಿಯದೆಯೋ ಆದ ತಪ್ಪನ್ನು ಕ್ಷಮಿಸಿರಿ ಎನ್ನಬೇಕು. ಆ ವರ್ಷ ಅತ್ತೆ ಮೊದಲು ಹೋದದ್ದು ಮೌಶಿಯ ಹೊಸ್ತಿಲಿಗೆ. “ನಾ ನಿನ್ನ ಮ್ಯಾಲೆ ಭಾಳ ಸಿಟ್ಟ ಇಟ್ಕೊಂಡಿದ್ದೆ ಬಾಯಿ. ಉತ್ತಮ ಕ್ಷಮಾ,” ಎಂದು ಕೈಮುಗಿದರು. ಮೌಶಿ ಗಾಬರಿಯಾಗಿ, “ನೀವ್ಯಾಕ್ರಿ ಅಕ್ಕಾರ, ನೀವ್ಯಾಕ...” ಎಂದು ಅವರ ಕೈ ಹಿಡಿದುಕೊಂಡಳು.

ಅತ್ತೆಯ ಬೆನ್ನ ಹಿಂದೆ ನಾನಿದ್ದೆ. ನಾನೂ ಕೈಮುಗಿದೆ. ತಿಳಿದೋ ತಿಳಿಯದೆಯೋ ಆದ ತಪ್ಪನ್ನು ಕ್ಷಮಿಸಿರಿ ಎಂದೆ, ಎಲ್ಲರಿಗೂ ಹೇಳಿದ ಹಾಗೆಯೇ. ಮೌಶಿ ನನ್ನ ಮುಖವನ್ನೇ ನೋಡುತ್ತ ನಿಂತಳು. ಮುಂದಿನ ಮಾತಿಗೆ ಜಾಗ ಬಿಟ್ಟು ನಿಂತಿದ್ದಳು ಎಂದು ಈಗ ಅನಿಸುತ್ತದೆ. ಅದು ನನ್ನಿಂದ ಬರಲಿಲ್ಲ. “ಆತು ತಗೋ ಬಾಳಾ,” ಎಂದು ಕೂಸಿನ ತಲೆ ಸವರಿದಳು.

ಕ್ಷಮೆ ಕೇಳಿದ್ದಾಯಿತು ಎಂದು ನಾನು ಮನೆಗೆ ಬಂದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ! ತಪ್ಪಿನ ಹೆಸರೆತ್ತದೆ ಕ್ಷಮೆ ಕೇಳಲು ನಮ್ಮ ಹಿರಿಯರು ಇಷ್ಟು ಚಂದದ ಮಾತು ಮಾಡಿಟ್ಟಿದ್ದಾರೆ, ನಾನು ಅದರ ಹಿಂದೆ ಅಡಗಿ ಕೂತೆ. ಹಾಗೆ ಆರು ವರ್ಷ, ಪ್ರತಿ ಕ್ಷಮಾವಳಿಗೂ ಮೌಶಿಯ ಹೊಸ್ತಿಲಿಗೆ ಹೋದೆ, ಅದೇ ಮಾತು ಹೇಳಿದೆ, ಅದೇ ಉತ್ತರ ತಂದೆ.

ಏಳನೆಯ ವರ್ಷ ಆ ಮನೆಗೆ ಬೀಗ ಇತ್ತು. ಮಗ್ಗದ ಸದ್ದಿನಲ್ಲಿ ಕೂತೂ ಕೂತೂ ಮೌಶಿಯ ಗಂಡನಿಗೆ ಕಿವಿ ಪೂರಾ ಹೋಗಿ, ಇಬ್ಬರೂ ಗಡಹಿಂಗ್ಲಜಕ್ಕೆ ಮರಳಿದ್ದರು. ಹೊರಡುವ ದಿನ ನಾನು ತವರಿನಲ್ಲಿದ್ದೆ. ಅಲ್ಲಿ ಪೇಟೆಯ ಹತ್ತಿರ ಮತ್ತೆ ಮಿಸಳ ಶುರು ಮಾಡಿದ್ದಾಳೆಂದು ಯಾರೋ ಹೇಳಿದರು. ಹೋಗಬೇಕು, ಹೋಗಬೇಕು ಎಂದು ವರ್ಷಗಳು ಕಳೆದವು. ಒಮ್ಮೆ ಆಜರಾದಲ್ಲಿ ಮದುವೆಗೆ ಹೋಗುವಾಗ ಬಸ್ಸು ಗಡಹಿಂಗ್ಲಜದಲ್ಲಿ ಹದಿನೈದು ನಿಮಿಷ ನಿಂತಿತು. ಕಿಟಕಿಯಿಂದ ಮೆಣಸಿನಕಾಯಿಯ ಘಾಟು ಬಂತು. ಸೀಟಿನಿಂದ ಎದ್ದೆ ಕೂಡ. ಬಾಗಿಲ ತನಕ ಹೋಗಿ, ಏನು ಹೇಳುವುದೆಂದು ತಿಳಿಯದೆ ಮರಳಿ ಬಂದು ಕೂತೆ. ಅತ್ತೆ ಏನೂ ತಿಳಿಯದೆಯೇ ಹೋದರು. ಅದಾಗಿ ಎರಡು ವರ್ಷಕ್ಕೆ, ಮೌಶಿಯೂ ಹೋಗಿ ವರ್ಷವಾಯಿತು ಎಂದು ಮೆಣಸಿನಕಾಯಿ ಮಾರಲು ಬಂದವನೊಬ್ಬ ಹೇಳಿದ...

ಇದೆಲ್ಲ ಆ ಸೌಟನ್ನು ನೋಡುತ್ತ ಕೂತಾಗ ಕಣ್ಣ ಮುಂದೆ ಬಂತು. “ಯಾಕವ್ವಾ, ಸೇರಲಿಲ್ಲೇನು?” ಎಂದು ಮಗಳು ಕೇಳಿದಳು. ನಮ್ಮ ಕನ್ನಡ ಕಿವಿಗೆ ಬಿದ್ದು ಒಲೆಯ ಮುಂದಿದ್ದಾತ ಇತ್ತ ತಿರುಗಿದ. ಐವತ್ತರ ಆಸುಪಾಸಿನ ಮನುಷ್ಯ, ಹೋಟೆಲಿನ ಮಾಲೀಕ ಅವನೇ.

“ಯಾವ ಊರ್ರಿ ನಿಮ್ದು?” ಎಂದು ಕೇಳಿದ. ಹೇಳಿದೆ. ಅವನದು ಗಡಹಿಂಗ್ಲಜವಂತೆ.

ಆ ಸೌಟು ಯಾಕೆ ಹಾಗಿದೆ ಎಂದು ಕೇಳಿದೆ.

“ಅದಾ? ನಮ್ಗ ಮಿಸಳ ಕಲಿಸಿದ ಆಯಿ ಹಾಕಿಕೊಟ್ಟ ಪದ್ಧತಿ ರೀ. ಆಕಿ ಕಡೆ ಕಲ್ತವ್ರು ನಾವು ನಾಲ್ಕೈದು ಮಂದಿ ಅದೇವಿ, ಎಲ್ಲಾರ ಹೋಟೆಲ್‌ನ್ಯಾಗೂ ಜೈನ ಕಟ್‌ಗೆ ಹಿಂಥಾದಽ ಇರತೈತಿ. ಮೊದಲ ಆಕಿ ಇಚಲಕರಂಜ್ಯಾಗ ಇದ್ಲಂತ. ಎರಡೂ ಸೌಟು ಸ್ಟೀಲಿನ್ವು, ಗುರ್ತಿಗೆ ಬರೇ ದಾರ. ಗಡಿಬಿಡ್ಯಾಗ ಬಾಜೂ ಮನಿ ಸೊಸಿ ಕೈ ತಪ್ಪಿ ಒಂದಕ್ಕೊಂದು ಆಗಿಬಿಡ್ತಂತ.”

“ಸೊಸಿ ಕೈ ಅಂದ್ಲೇನು?” ಎಂದೆ.

“ಹೌದ್ರಿ. ಆದ್ರ ತಪ್ಪು ಆಕಿದಲ್ಲ ಅಂತಿದ್ಲು. ‘ಎರಡೂ ಒಂದಽ ನಮೂನಿ ಇಟ್ಟಾಕಿ ನಾ. ಕೂಸು ಅಳೂ ಹೊತ್ತಿನ್ಯಾಗ ಯಾವ ತಾಯಿ ಕಣ್ಣಿಗೆ ದಾರ ಕಾಣತೈತಿ? ಕಣ್ಣು ಮುಚ್ಚಿ ಹಿಡದ್ರೂ ಕೈಗೆ ಗೊತ್ತಾಗಬೇಕು, ಅಂಥಾ ಸೌಟು ಇಡ್ರಿ’ ಅಂತಿದ್ಲು. ಆ ಸೊಸಿ ಹೆಸರು ಮಾತ್ರ ಎಷ್ಟು ಕೇಳಿದ್ರೂ ಹೇಳಲಿಲ್ಲ. ‘ವರ್ಷಕ್ಕೊಮ್ಮೆ ಬಂದು ಕ್ಷಮಾ ಕೇಳ್ತಿತ್ತು ಪಾಪ, ಬಾಯಿ ತನಕ ಬರ್ತಿತ್ತು, ಹೊರಗ ಬರ್ತಿರಲಿಲ್ಲ’ ಅಂತಿದ್ಲು.”

ಹೋಟೆಲಿನ ಗದ್ದಲ ನಡೆದೇ ಇತ್ತು. ಯಾರೋ ಬ್ರೆಡ್ಡು ಕೇಳಿದರು, ಯಾರೋ ಲಿಂಬೆ ಕೇಳಿದರು. ಮಗಳು ನನ್ನನ್ನೇ ನೋಡುತ್ತಿದ್ದಳು. ಅವತ್ತು ಚಾಪೆಯ ಮೇಲೆ ಮಲಗಿ ಅಳುತ್ತಿದ್ದ ಕೂಸು ಅವಳೇ ಎಂದು ಅವಳಿಗೂ ಗೊತ್ತಿರಲಿಲ್ಲ.

“ಆ ಸೊಸಿ ನಾನಽ ರೀ,” ಎಂದೆ. “ಸೌಟು ತಪ್ಪಿ ಹಾಕಿದಾಕಿ ನಾನು. ಹೇಳದಽ ಸುಮ್ಮನಿದ್ದಾಕೀನೂ ನಾನು.”

ಹೇಳಬೇಕಾದವರ ಮುಂದೆ ಹೇಳದೆ, ಗುರುತು ಪರಿಚಯವಿಲ್ಲದವನ ಮುಂದೆ ಹೇಳಿದೆ. ಮೂವತ್ತು ವರ್ಷ ಬಾಯಲ್ಲಿ ಇಟ್ಟುಕೊಂಡದ್ದು, ಹೇಳಲು ಅರೆ ನಿಮಿಷವೂ ಬೇಕಾಗಲಿಲ್ಲ.

ಆತ ಕಕ್ಕಾಬಿಕ್ಕಿಯಾದ. ಆಮೇಲೆ ಒಲೆಯ ಹತ್ತಿರ ಹೋಗಿ, ಸಣ್ಣ ಪಾತೇಲಿಯಿಂದ ಕರಟದ ಸೌಟು ತುಂಬಿಕೊಂಡು, ಒಂದು ಹನಿಯೂ ಬೀಳದಂತೆ ಕೆಳಗೆ ಅಂಗೈ ಹಿಡಿದುಕೊಂಡು ಬಂದ.

“ಕಟ್ ಹಾಕ್ಲೇನ್ರಿ ಅಕ್ಕಾರ, ಇನ್ನೊಂದ್ ಸೌಟು?”

ಮೌಶಿ ಇಲ್ಲ. ನಾನು ಬಟ್ಟಲನ್ನು ಮುಂದೆ ಹಿಡಿದೆ.